ಮಿಸ್ ಹೊಡೆಯುವ ಮಾರುತಿ 800: ಪಾರ್ಟ್ಸ್ ತರುವ ಮೊದಲು ನಾನು ನೋಡಿದ್ದು

ನಮ್ಮದು ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಕಾಲದ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್. ಚಿತ್ರದುರ್ಗದ ಬಿಸಿಲು, ಧೂಳು ಎಲ್ಲವನ್ನೂ ತಡೆದುಕೊಂಡು ಬಂದ ಗಾಡಿ. ಈಚೆಗೆ ಮಿಸ್ ಹೊಡೆಯಲು ಶುರು ಮಾಡಿತು. ಆಕ್ಸಿಲರೇಟರ್ ಒತ್ತಿದರೆ ಒಂದು ಗಳಿಗೆ ತಡವರಿಸಿ, ಆಮೇಲೆ ಜರ್ಕ್ ಹೊಡೆದು ಮುಂದೆ ಹೋಗುತ್ತಿತ್ತು. ತೋರಿಸಿದ ಕಡೆಯಲ್ಲೆಲ್ಲ ಒಂದೇ ಮಾತು: "ಕಾರ್ಬೊರೇಟರ್ ಹೋಗಿದೆ, ಬದಲಾಯಿಸಿಬಿಡಿ." ಸಿಲಿಂಡರ್ ಒಳಗೆ ಕಿಡಿ ಹಾರಿಸುವ ಪ್ಲಗ್ ಒಂದನ್ನೂ ಬಿಚ್ಚಿ ನೋಡದೆ ಹೀಗೆ ಹೇಳುವುದು ನನಗೆ ಒಪ್ಪಿಗೆಯಾಗಲಿಲ್ಲ.

ಹಾಗಾಗಿ ಮಿಸ್ ಯಾವಾಗ ಹೊಡೆಯುತ್ತದೆ ಎಂದು ಮೊದಲು ಬರೆದಿಟ್ಟುಕೊಂಡೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ, ಸ್ವಲ್ಪ ನಡುಕ, ಅಷ್ಟೇ. ಭರಮಸಾಗರದ ಕಡೆ ಹೈವೇಯಲ್ಲಿ ಒಂದೇ ವೇಗದಲ್ಲಿ ಹೋದರೆ ಗೊತ್ತೇ ಆಗುವುದಿಲ್ಲ. ಜೋಗಿಮಟ್ಟಿ ರಸ್ತೆಯ ಏರಿನಲ್ಲಿ ಮೂರನೇ ಗೇರ್‌ನಲ್ಲಿ ಪೂರ್ತಿ ಒತ್ತಿದರೆ ಟಪ್ ಟಪ್ ಎಂದು ಕಟ್ ಆಗುತ್ತದೆ. ಅಂದರೆ ಲೋಡ್ ಬಿದ್ದಾಗ.

ಲೋಡ್ ಬಿದ್ದಾಗ ಕಟ್ ಆದರೆ ಮೊದಲು ಅನುಮಾನಿಸಬೇಕಾದದ್ದು ಎರಡನ್ನು. ಒಂದು, ಪೆಟ್ರೋಲ್ ಸಾಕಾಗುತ್ತಿಲ್ಲ. ಇನ್ನೊಂದು, ಕರೆಂಟ್ ಸಾಕಾಗುತ್ತಿಲ್ಲ. ಆಕ್ಸಿಲರೇಟರ್ ಜಾಸ್ತಿ ಒತ್ತಿದಷ್ಟೂ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ. ಆ ಒತ್ತಡದಲ್ಲಿ ಪ್ಲಗ್‌ನ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಆ ವೋಲ್ಟೇಜ್ ಹುಟ್ಟಿಸುವ ಕಾಯಿಲ್, ಅದನ್ನು ಪ್ಲಗ್‌ಗೆ ಒಯ್ಯುವ ವೈರ್, ಸಿಲಿಂಡರ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್, ಇವುಗಳಲ್ಲಿ ಎಲ್ಲಾದರೂ ಕರೆಂಟ್ ಸೋರಿಕೆ ಇದ್ದರೆ ಸಿಕ್ಕಿಬೀಳುವುದು ಆಗಲೇ. ಎರಡಕ್ಕೂ ಅನುಭವದಲ್ಲಿ ವ್ಯತ್ಯಾಸ ಇದೆ. ಪೆಟ್ರೋಲ್ ಕಮ್ಮಿಯಾದರೆ ಗಾಡಿ ನಿಧಾನವಾಗಿ ಸೋಲುತ್ತಾ ಬರುತ್ತದೆ. ಕರೆಂಟ್ ತಪ್ಪಿದರೆ ಯಾರೋ ಸ್ವಿಚ್ ಆಫ್ ಮಾಡಿ ಆನ್ ಮಾಡಿದ ಹಾಗೆ ಥಟ್ಟನೆ ಕುಕ್ಕುತ್ತದೆ. ನಮ್ಮದು ಕುಕ್ಕುತ್ತಿತ್ತು.

ಏರು ಹತ್ತಿಸಿ ಬಂದು, ಎಂಜಿನ್ ತಣ್ಣಗಾದ ಮೇಲೆ ಪ್ಲಗ್‌ಗಳನ್ನು ಬಿಚ್ಚಿದೆ. ಯಾವುದು ಯಾವ ಸಿಲಿಂಡರಿನದು ಎಂದು ತಿಳಿಯಲು ಸಾಲಾಗಿ ಪೇಪರ್ ಮೇಲೆ ಇಟ್ಟೆ. ಎರಡು ಪ್ಲಗ್‌ಗಳ ತುದಿ ತಿಳಿ ಕಂದು ಬಣ್ಣ, ಒಣಗಿದ್ದವು. ಹಾಗೇ ಇರಬೇಕು. ನಡುವಿನದು ಮಾತ್ರ ಕಪ್ಪಗೆ, ಒದ್ದೆಯಾಗಿ, ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ನನಗೆ ದಾರಿ ಕಂಡದ್ದು ಇಲ್ಲೇ. ಮೂರೂ ಸಿಲಿಂಡರಿಗೆ ಪೆಟ್ರೋಲ್ ಕೊಡುವುದು ಒಂದೇ ಕಾರ್ಬೊರೇಟರ್ ಅಲ್ವಾ? ತಪ್ಪು ಅದರದ್ದೇ ಆಗಿದ್ದರೆ ಮೂರೂ ಪ್ಲಗ್‌ಗಳು ಹೆಚ್ಚುಕಮ್ಮಿ ಒಂದೇ ತರಹ ಇರಬೇಕಿತ್ತು. ಇಲ್ಲಿ ಪೆಟ್ರೋಲ್ ಬಂದಿದೆ, ಉರಿದಿಲ್ಲ.

ಆ ಪ್ಲಗ್ ತೊಳೆದು ಮೊದಲನೇ ಸಿಲಿಂಡರಿಗೆ ಹಾಕಿ, ಅಲ್ಲಿಯದನ್ನು ನಡುವಿಗೆ ಹಾಕಿದೆ. ಮತ್ತೆ ಏರು ಹತ್ತಿಸಿದೆ. ಮತ್ತೆ ನಡುವಿನದೇ ಒದ್ದೆ. ಅಲ್ಲಿಗೆ ಪ್ಲಗ್ ಸರಿಯಾಗಿದೆ ಎಂದಾಯಿತು.

ರಾತ್ರಿ ಲೈಟ್ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡಿದೆ. ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರ್‌ಗಳ ಮೇಲೆ ಮಂಜಿನಷ್ಟು ನೀರು ಹಾಯಿಸಿದೆ. ನಡುವಿನ ವೈರ್‌ನಿಂದ ಎಂಜಿನ್ ಲೋಹಕ್ಕೆ ನೀಲಿ ಎಳೆ ಚಟಪಟ ಹಾರಿತು, ಆ ಕ್ಷಣವೇ ಎಂಜಿನ್ ನಡುಗಿತು. ಬೆಳಗ್ಗೆ ನೋಡಿದರೆ ವೈರ್ ಬಿಸಿ ಲೋಹಕ್ಕೆ ತಾಗಿದ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು, ಪಕ್ಕದಲ್ಲಿ ಸುಟ್ಟ ಬಿಳಿ ಚುಕ್ಕೆ. ಈ ಪರೀಕ್ಷೆ ಮಾಡುವಾಗ ವೈರ್ ಮುಟ್ಟಲೇಬಾರದು, ಎಲ್ಲೂ ಪೆಟ್ರೋಲ್ ಸೋರುತ್ತಿರಬಾರದು.

ವೈರ್ ಸೆಟ್ ಮತ್ತು ಡಿಸ್ಟ್ರಿಬ್ಯೂಟರ್ ಕ್ಯಾಪ್ ದಾವಣಗೆರೆಯಲ್ಲಿ ಸಿಕ್ಕವು. ಹಳೆಯ ಕ್ಯಾಪ್‌ನ ಟರ್ಮಿನಲ್‌ಗಳಲ್ಲಿ ಕಿಲುಬು ಕಟ್ಟಿತ್ತು, ಅದಕ್ಕೇ ಬದಲಾಯಿಸಿದೆ. ಒಂದೊಂದೇ ವೈರ್ ತೆಗೆದು ಹಾಕಿದರೆ ಅದಲು ಬದಲಾಗುವುದಿಲ್ಲ. ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಕ್ರಮ, 1-3-2.

ಏರಿನಲ್ಲಿ ಕುಕ್ಕುವುದು ಪೂರ್ತಿ ನಿಂತಿತು. ಆದರೆ ಆಕ್ಸಿಲರೇಟರ್ ಥಟ್ಟನೆ ಒತ್ತಿದಾಗಿನ ಆ ಒಂದು ಗಳಿಗೆಯ ತಡವರಿಕೆ ಹಾಗೇ ಉಳಿಯಿತು. ಅದು ಬೇರೆಯೇ ಕಾಯಿಲೆ. ಎಂಜಿನ್ ಆಫ್ ಇದ್ದಾಗ ಏರ್ ಫಿಲ್ಟರ್ ತೆಗೆದು, ಕಾರ್ಬೊರೇಟರ್ ಬಾಯಿಯೊಳಗೆ ಟಾರ್ಚ್ ಬಿಟ್ಟು, ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಾಗಿಲು) ಕೈಯಿಂದ ತಿರುಗಿಸಿ ನೋಡಿದೆ. ತಿರುಗಿಸಿದ ಕೂಡಲೇ ಪೆಟ್ರೋಲ್ ಪಿಚಕಾರಿ ಹೊಡೆಯಬೇಕು. ಇಲ್ಲಿ ಸುಮ್ನೆ ತೊಟ್ಟಿಕ್ಕುತ್ತಿತ್ತು. ಆ ಪಿಚಕಾರಿ ಹೊಡೆಸುವುದು ಕಾರ್ಬೊರೇಟರ್‌ನಲ್ಲಿರುವ ಆಕ್ಸಿಲರೇಟರ್ ಪಂಪು. ಅದರ ಡಯಾಫ್ರಮ್ (ತೆಳು ರಬ್ಬರ್ ಪೊರೆ) ಗಡುಸಾಗಿ ಅಂಚಿನಲ್ಲಿ ಬಿರಿದಿತ್ತು. ವಯಸ್ಸಾದ ರಬ್ಬರ್. ಈಗ ಬಂಕ್‌ನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಹಳೆಯ ಗಾಡಿಗಳ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಹೊಸ ಡಯಾಫ್ರಮ್ ಹಾಕಿ, ಪೆಟ್ರೋಲ್ ಹೋಸ್‌ಗಳನ್ನೂ ಬದಲಾಯಿಸಿದೆ. ಕಾರ್ಬೊರೇಟರ್ ಅದೇ ಹಳೆಯದು. ಪಿಕಪ್ ಚೆನ್ನಾಗಿದೆ.

ನಿಮ್ಮ ಗಾಡಿ ಕುಕ್ಕದೆ ನಿಧಾನವಾಗಿ ಸೋಲುತ್ತಿದ್ದರೆ ಪೆಟ್ರೋಲ್ ಫಿಲ್ಟರ್‌ನಿಂದ ಶುರು ಮಾಡಿ. ಹೊಸದನ್ನು ಹಾಕುವಾಗ ಅದರ ಮೇಲಿನ ಬಾಣ ಎಂಜಿನ್ ಕಡೆಗಿರಬೇಕು. ಸ್ವಲ್ಪ ದೂರ ಓಡಿ ನಿಂತು, ಒಂದಿಷ್ಟು ಹೊತ್ತು ಬಿಟ್ಟರೆ ತಾನೇ ಸರಿಹೋಗುತ್ತದೆಯಾ? ಮುಂದಿನ ಸಲ ನಿಂತಾಗ ಟ್ಯಾಂಕ್ ಮುಚ್ಚಳ ತೆಗೆಯಿರಿ. ಬುಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಗಾಡಿ ಮತ್ತೆ ಓಡಿದರೆ ಟ್ಯಾಂಕ್‌ಗೆ ಗಾಳಿ ಹೋಗುವ ದಾರಿ ಕಟ್ಟಿಕೊಂಡಿದೆ.