ಬೆಳ್ಳಿಯ ನ್ಯಾನೋ ಕಣವನ್ನು ಜೆಲ್‌ಗೆ ಇಳಿಸುವುದು: ನನ್ನ ಅನುಭವ

ನಾನು ಓದಿದ್ದು ಬಯೋಮೆಡಿಕಲ್ ಎಂಜಿನಿಯರಿಂಗ್. ಮಾಡುವ ಕೆಲಸ, ನ್ಯಾನೋ ಕಣಗಳನ್ನು ಚರ್ಮಕ್ಕೆ ಹಚ್ಚುವ ಜೆಲ್ ಮತ್ತು ಲೇಪಗಳೊಳಗೆ ಕೆಡದಂತೆ ಸೇರಿಸುವುದು. ಈ ಕಡೆ ಬರುವ ಹೆಚ್ಚಿನವರು ಮೊದಲು ಕಣ ಮಾಡಿಕೊಂಡು, ಅದಕ್ಕೊಪ್ಪುವ ಜೆಲ್ ಆಮೇಲೆ ಹುಡುಕುತ್ತಾರೆ. ನಾನು ಉಲ್ಟಾ ದಾರಿ ಹಿಡಿಯುತ್ತೇನೆ. ಟ್ಯೂಬಿನಲ್ಲಿ ಕೊನೆಗೆ ಎಷ್ಟು ಬೆಳ್ಳಿ ಇರಬೇಕು, ಯಾವ ಪಿಎಚ್, ಯಾವ ದಪ್ಪಗಾರಕ, ಯಾವ ಪ್ರಿಸರ್ವೇಟಿವ್ ಎಂದು ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಕಣ ಹೇಗೆ ಮಾಡಬೇಕೆಂಬುದನ್ನು ಆ ಲೆಕ್ಕವೇ ಹೇಳುತ್ತದೆ.

ಉದಾಹರಣೆಗೆ ಗುರಿ ಗ್ರಾಂ ಜೆಲ್‌ಗೆ 20 ಮೈಕ್ರೋಗ್ರಾಂ ಬೆಳ್ಳಿ ಎಂದುಕೊಳ್ಳಿ. 100 ಗ್ರಾಂ ಜೆಲ್‌ಗೆ 2 ಮಿ.ಗ್ರಾಂ ಬೇಕು. ಸಿಲ್ವರ್ ನೈಟ್ರೇಟಿನ ಬೆಳ್ಳಿಯನ್ನು ಕಣವಾಗಿಸುವ ಎರಡು ದಾರಿ ಹೋಲಿಸೋಣ. ಬೋರೋಹೈಡ್ರೈಡ್ ವಿಧಾನದಲ್ಲಿ ತಣ್ಣಗಿನ 2 ಮಿಲಿಮೋಲಾರ್ ಬೋರೋಹೈಡ್ರೈಡ್ 30 ಮಿ.ಲೀ.ಗೆ 1 ಮಿಲಿಮೋಲಾರ್ ಸಿಲ್ವರ್ ನೈಟ್ರೇಟ್ 10 ಮಿ.ಲೀ. ಹನಿಹನಿಯಾಗಿ ಬಿಟ್ಟರೆ ಚಿನ್ನದ ಹಳದಿಯ, ತುಂಬ ಸಣ್ಣ ಕಣಗಳ ದ್ರಾವಣ ಸಿಗುತ್ತದೆ. ನೋಡಲು ಚೆಂದ. ಆದರೆ ಅದರಲ್ಲಿ ಲೀಟರಿಗೆ ಸುಮಾರು 27 ಮಿ.ಗ್ರಾಂ ಬೆಳ್ಳಿ ಮಾತ್ರ. ಅಂದರೆ 100 ಗ್ರಾಂ ಜೆಲ್‌ಗೆ 74 ಮಿ.ಲೀ. ಸುರಿಯಬೇಕು, ಜೊತೆಗೆ ಬೋರೇಟ್ ಲವಣವೂ ಒಳಬರುತ್ತದೆ. ಸಿಟ್ರೇಟ್ ವಿಧಾನದಲ್ಲಿ 1 ಮಿಲಿಮೋಲಾರ್ ನೈಟ್ರೇಟಿನಿಂದಲೇ ಶುರುವಾಗುವುದರಿಂದ ಲೀಟರಿಗೆ ಸುಮಾರು 108 ಮಿ.ಗ್ರಾಂ, 18.5 ಮಿ.ಲೀ. ಸಾಕು. ಕಣದ ಗಾತ್ರದ ಹರಡು ಹೆಚ್ಚಿದ್ದರೂ ನಾನು ಇದನ್ನೇ ಆರಿಸುತ್ತೇನೆ.

ಲೀ ಮತ್ತು ಮೈಸೆಲ್ 1982ರಲ್ಲಿ ಪ್ರಕಟಿಸಿದ ವಿಧಾನವೇ ಇದರ ತಳಹದಿ. 500 ಮಿ.ಲೀ. ಡಿಅಯಾನೈಸ್ಡ್ ನೀರಿನಲ್ಲಿ 85 ಮಿ.ಗ್ರಾಂ ಸಿಲ್ವರ್ ನೈಟ್ರೇಟ್ ಕರಗಿಸಿ, ಆವಿಯನ್ನು ತಣಿಸಿ ಫ್ಲಾಸ್ಕಿಗೇ ಮರಳಿಸುವ ರಿಫ್ಲಕ್ಸ್ ಕಂಡೆನ್ಸರ್ ಕೂರಿಸಿ ಕುದಿಸುತ್ತೇನೆ. ಚೆನ್ನಾಗಿ ಕುದಿಯುತ್ತಿರುವಾಗ 1 ಶೇಕಡಾ ಟ್ರೈಸೋಡಿಯಂ ಸಿಟ್ರೇಟ್ 10 ಮಿ.ಲೀ. ಹಾಕಿ, ಒಂದು ಗಂಟೆ ಕುದಿತ ನಿಲ್ಲದಂತೆ ಕಲಕುತ್ತೇನೆ. ಬಣ್ಣ ಮೊದಲು ತೆಳು ಹಳದಿಗೆ ತಿರುಗಿ, ಆಮೇಲೆ ಹಸಿರು ಮಿಶ್ರಿತ ಬೂದಿಗೆ ಬರುತ್ತದೆ. ಕಂಡೆನ್ಸರ್ ಇಲ್ಲದೆ ತೆರೆದ ಬೀಕರಿನಲ್ಲಿ ಕುದಿಸಿದರೆ ನೀರು ಆರಿ ಸಾಂದ್ರತೆ ಏರುತ್ತದೆ, ಮೇಲಿನ 18.5ರ ಲೆಕ್ಕ ಅಲ್ಲೇ ತಪ್ಪುತ್ತದೆ.

ಗಾಜಿನ ಸಾಮಾನಿನ ವಿಷಯದಲ್ಲಿ ಒಂದು ಮಾತು. ಚಿನ್ನದ ಕಣ ಮಾಡುವವರು ಫ್ಲಾಸ್ಕನ್ನು ಅಕ್ವಾ ರೀಜಿಯಾದಿಂದ ತೊಳೆಯುತ್ತಾರೆ, ಅವರಿಗೆ ಅದು ಸರಿ. ಬೆಳ್ಳಿಗೆ ಅದು ಬೇಡ: ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲದ ಕ್ಲೋರೈಡು ಗೋಡೆಗೆ ಅಂಟಿದ ಬೆಳ್ಳಿಯನ್ನು ಸಿಲ್ವರ್ ಕ್ಲೋರೈಡ್ ಮಾಡಿ ಅಲ್ಲೇ ಕೂರಿಸುತ್ತದೆ. ನಾನು ನೈಟ್ರಿಕ್ ಆಮ್ಲದಲ್ಲಿ ಅದ್ದಿಟ್ಟು, ಡಿಅಯಾನೈಸ್ಡ್ ನೀರಿನಿಂದ ಹಲವು ಸಲ ಜಾಲಿಸುತ್ತೇನೆ. ನೈಟ್ರೇಟ್ ಕರಗಿಸುವಾಗಲೇ ನೀರಿನಲ್ಲಿ ಹಾಲಿನಂಥ ಛಾಯೆ ಕಂಡರೆ ನೀರಿನಲ್ಲೋ ಗಾಜಿನಲ್ಲೋ ಕ್ಲೋರೈಡ್ ಇದೆಯೆಂದೇ ಅರ್ಥ. ಮುಂದುವರಿಸುವುದರಲ್ಲಿ ಲಾಭವಿಲ್ಲ, ಚೆಲ್ಲಿಬಿಡಬೇಕು, ಅದೂ ಸಿಂಕಿಗಲ್ಲ, ಬೆಳ್ಳಿ ತ್ಯಾಜ್ಯದ ಕ್ಯಾನಿಗೆ.

ತಣಿದ ದ್ರಾವಣವನ್ನು ಹಾಗೇ ಜೆಲ್‌ಗೆ ಹಾಕುವುದಿಲ್ಲ. ಸಿಟ್ರೇಟ್ ಕಣಗಳನ್ನು ದೂರ ನಿಲ್ಲಿಸುವುದು ಬರೀ ವಿದ್ಯುದಾವೇಶದಿಂದ, ಉಪ್ಪು ಸೋಕಿದರೆ ಅದು ಮುಗಿಯಿತು. ನೋಡಬೇಕಿದ್ದರೆ ಎರಡು ಪರೀಕ್ಷಾನಳಿಕೆ ಸಾಕು. ಎರಡಕ್ಕೂ ಹತ್ತು ಪಟ್ಟು ತೆಳುಮಾಡಿದ ಕಣದ ದ್ರಾವಣ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ 0.9 ಶೇಕಡಾ ಸಲೈನ್ ಸಮಪಾಲು ಸೇರಿಸಿ. ಸಲೈನ್ ಬಿದ್ದ ನಳಿಕೆಯ ಹಳದಿ ಮಾಸುತ್ತಾ ಬೂದಿಯಾಗುತ್ತದೆ, ಬಿಟ್ಟರೆ ತಳದಲ್ಲಿ ಕಪ್ಪು ಮಸಿ ಕೂರುತ್ತದೆ. ಆದ್ದರಿಂದ ಕಣವನ್ನು ಸುತ್ತಿಕೊಳ್ಳುವ ಪಾಲಿಮರ್ ಪಿವಿಪಿಯನ್ನು (ಪಾಲಿವಿನೈಲ್‌ಪಿರೊಲಿಡೋನ್, ಅಣುತೂಕ 40,000 ಡಾಲ್ಟನ್) 0.1 ಶೇಕಡಾ ಬರುವಂತೆ ಹಾಕಿ ರಾತ್ರಿಯಿಡೀ ನಿಧಾನವಾಗಿ ಕಲಕಲು ಬಿಡುತ್ತೇನೆ. ಇದೇ ಸಲೈನ್ ಪರೀಕ್ಷೆಯಲ್ಲಿ ಅರ್ಧ ಗಂಟೆ ಬಣ್ಣ ನಿಂತರೆ ಮುಂದಿನ ಹೆಜ್ಜೆ.

ಇಲ್ಲಿ ಹೊಸಬರು ಗಾಬರಿಯಾಗುವುದು ಝೀಟಾ ಪೊಟೆನ್ಷಿಯಲ್, ಅಂದರೆ ಕಣದ ಮೇಲಿನ ಆವೇಶವನ್ನು ಸೂಚಿಸುವ ಅಳತೆ ನೋಡಿ. ಪಿವಿಪಿ ಸೇರಿದ ಮೇಲೆ ಋಣ ಸಂಖ್ಯೆ ಸೊನ್ನೆಯ ಕಡೆ ಜಾರುತ್ತದೆ. ಚಿಹ್ನೆ ಬಿಟ್ಟು ಮೂವತ್ತು ಮಿಲಿವೋಲ್ಟ್‌ಗಿಂತ ಕಡಿಮೆಯಾದರೆ ಕಣ ಅಸ್ಥಿರ ಎಂಬ ಪಾಠ ಆವೇಶದಿಂದ ನಿಂತ ಕಣಕ್ಕೆ ಮಾತ್ರ. ಪಾಲಿಮರ್ ಸುತ್ತಿಕೊಂಡು ನಿಂತ ಕಣಕ್ಕೆ ಆ ಅಳತೆ ಹಿಡಿಯಬಾರದು. ಇನ್ನೊಂದು: ಝೀಟಾ ಅಳೆಯಲು ಲವಣ ಹಾಕಲೇಬೇಕಿದ್ದರೆ ಸೋಡಿಯಂ ಕ್ಲೋರೈಡ್ ಬೇಡ, ಪೊಟ್ಯಾಸಿಯಂ ನೈಟ್ರೇಟ್ ಹಾಕಿ.

ದಪ್ಪಗಾರಕಕ್ಕೆ ಎಲ್ಲರೂ ಮೊದಲು ಕೈಚಾಚುವುದು ಕಾರ್ಬೋಪಾಲ್‌ಗೆ. ಜೆಲ್ ಸ್ವಚ್ಛವಾಗಿ ಬರುತ್ತದೆ, ನಿಜ. ಆದರೆ ಅದು ಋಣಾವೇಶದ ಪಾಲಿಮರ್. ಕಣದಿಂದ ಬಿಡುಗಡೆಯಾಗುವ ಬೆಳ್ಳಿಯ ಅಯಾನನ್ನು ಹಿಡಿದಿಡುತ್ತದೆ, ಲವಣ ಹೆಚ್ಚಾದರೆ ತೆಳುವಾಗುತ್ತದೆ. ಅದನ್ನು ತಟಸ್ಥಗೊಳಿಸಲು ಹಾಕುವ ಟ್ರೈಎಥನೋಲಮೀನ್ ಬೆಳ್ಳಿ ಅಯಾನನ್ನು ತಾನೇ ಅಪಕರ್ಷಿಸಿ ಮತ್ತೆ ಲೋಹವಾಗಿಸಬಲ್ಲದು, ಹಾಗಾಗಿ ಟ್ಯೂಬಿನೊಳಗೇ ಹೊಸ ಕಣ ಹುಟ್ಟಿ ಬಣ್ಣ ಗಾಢವಾಗುವ ಸಾಧ್ಯತೆ ಇರುತ್ತದೆ. ನನ್ನ ಆಯ್ಕೆ ಆವೇಶವಿಲ್ಲದ ಹೈಡ್ರಾಕ್ಸಿಎಥೈಲ್ ಸೆಲ್ಯುಲೋಸ್.

100 ಗ್ರಾಂಗೆ ಅಳತೆ ಹೀಗೆ: ಸೆಲ್ಯುಲೋಸ್ 2, ಗ್ಲಿಸರಿನ್ 5, ಫಿನಾಕ್ಸಿಎಥನಾಲ್ 0.8, ಕಣದ ದ್ರಾವಣ 18.5, ಉಳಿದ 73.7 ನೀರು. ಸೆಲ್ಯುಲೋಸ್ ಪುಡಿಯನ್ನು ನೇರ ನೀರಿಗೆ ಸುರಿದರೆ ಹೊರಗೆ ಲೋಳೆ, ಒಳಗೆ ಒಣ ಪುಡಿ ಇರುವ ಗಂಟುಗಳಾಗುತ್ತವೆ, ಅವು ಆಮೇಲೆ ಎಷ್ಟು ಕಲಕಿದರೂ ಬಿಡುವುದಿಲ್ಲ. ಮೊದಲು ಗ್ಲಿಸರಿನ್‌ನಲ್ಲಿ ಪುಡಿ ಕಲಸಿ, ತಣ್ಣೀರು ಸುತ್ತುತ್ತಿರುವಾಗ ಸುಳಿಯ ಅಂಚಿಗೆ ಬಿಡುತ್ತೇನೆ, ಆಮೇಲೆ 50–60 ಡಿಗ್ರಿಗೆ ಬಿಸಿ ಮಾಡಿದರೆ ಬೇಗ ಉಬ್ಬುತ್ತದೆ. 40 ಡಿಗ್ರಿಗಿಂತ ಕೆಳಗಿಳಿದ ಮೇಲೆ ಫಿನಾಕ್ಸಿಎಥನಾಲ್, ಎಲ್ಲಕ್ಕಿಂತ ಕೊನೆಗೆ ಬೆಳ್ಳಿ. ಆಂಕರ್ ಬ್ಲೇಡಿನಲ್ಲಿ ನಿಧಾನವಾಗಿ ಕಲಕಬೇಕು, ಗಾಳಿ ಹೊಕ್ಕರೆ ನಿರ್ವಾತದಲ್ಲಿಟ್ಟು ತೆಗೆಯಬೇಕು. ಈ ಗಾಳಿ ಬರೀ ಅಂದದ ಪ್ರಶ್ನೆಯಲ್ಲ, ಆಮ್ಲಜನಕ ಇದ್ದಷ್ಟು ಬೆಳ್ಳಿ ಕರಗಿ ಅಯಾನ್ ಆಗುತ್ತದೆ. ಪಿಎಚ್ 5.5ರಿಂದ 6.5ರೊಳಗೆ ಬೇಕು, ಇಳಿಸಲು ಸಿಟ್ರಿಕ್ ಆಮ್ಲ, ಏರಿಸಲು ಸೋಡಿಯಂ ಹೈಡ್ರಾಕ್ಸೈಡ್. ಹೈಡ್ರೋಕ್ಲೋರಿಕ್ ಆಮ್ಲದ ಬಾಟಲಿಯನ್ನು ಆ ಮೇಜಿನ ಮೇಲೇ ಇಡಬೇಡಿ.

ಸೂಕ್ಷ್ಮಜೀವಿ ಕೊಲ್ಲುವ ಬೆಳ್ಳಿಯೇ ಇದೆಯಲ್ಲ, ಪ್ರಿಸರ್ವೇಟಿವ್ ಯಾಕೆ ಎಂದು ಮಾರಾಟದ ಕಡೆಯವರು ಪ್ರತಿ ಸಲ ಕೇಳುತ್ತಾರೆ. ಸೂಕ್ಷ್ಮಜೀವಿಗಳ ಕಿಣ್ವ ಸೆಲ್ಯುಲೋಸ್ ಸರಪಳಿಯನ್ನು ಕತ್ತರಿಸಿದರೆ ಜೆಲ್ ನೀರಾಗುತ್ತದೆ. 20 ಮೈಕ್ರೋಗ್ರಾಂ ಬೆಳ್ಳಿ ಅದನ್ನು ತಡೆಯುತ್ತದೆಂದು ನಂಬಿ ಕೂರಲಾಗದು. ಬೆಂಜಾಲ್ಕೋನಿಯಂ ಕ್ಲೋರೈಡ್ ಮಾತ್ರ ಬೇಡ, ಯಾಕೆಂದು ಹೆಸರಲ್ಲೇ ಇದೆ.

ಪರೀಕ್ಷೆಯಲ್ಲಿ ನಾನು ಹೆಚ್ಚು ನಂಬುವುದು, ಯಾವ ತರಂಗಾಂತರದ ಬೆಳಕನ್ನು ಮಾದರಿ ಎಷ್ಟು ಹೀರುತ್ತದೆಂದು ಅಳೆಯುವ ಯುವಿ-ವಿಸಿಬಲ್ ಸ್ಪೆಕ್ಟ್ರೋಫೋಟೋಮೀಟರನ್ನು. ಬೆಳ್ಳಿ ಸೇರಿಸದ ಅದೇ ಜೆಲ್ ಬ್ಲ್ಯಾಂಕ್ (ಹೋಲಿಕೆಯ ಮಾದರಿ) ಆಗಿರಲಿ, ಎರಡನ್ನೂ ಹತ್ತು ಪಟ್ಟು ತೆಳುಮಾಡಿ ಓದಿ. ಹೀರಿಕೆಯ ಶೃಂಗ ಸಾಮಾನ್ಯವಾಗಿ 420 ನ್ಯಾನೋಮೀಟರ್ ಆಸುಪಾಸಿನಲ್ಲಿರುತ್ತದೆ. ಎತ್ತರ ಕುಸಿದು 600ರ ಬಳಿ ಬೆಳಕು ಹೀರಿಕೆ ಏರಿದರೆ ಕಣಗಳು ಅಂಟಿಕೊಳ್ಳುತ್ತಿವೆ. ಎತ್ತರ ಕುಸಿದು 600ರ ಬಳಿ ಏನೂ ಏರದಿದ್ದರೆ ಕಣ ಕರಗುತ್ತಿರಬಹುದು. ಆಗ ಕಣವನ್ನು ತಡೆದು ಅಯಾನನ್ನು ಬಿಡುವ 10 ಕಿಲೋಡಾಲ್ಟನ್ ಫಿಲ್ಟರಿನಲ್ಲಿ ಸೋಸಿ, ಕೆಳಗಿಳಿದ ದ್ರವದ ಬೆಳ್ಳಿಯನ್ನು ಲೋಹದ ಅತಿಸಣ್ಣ ಪ್ರಮಾಣ ಗುರುತಿಸುವ ಐಸಿಪಿ-ಎಂಎಸ್ ಯಂತ್ರದಲ್ಲಿ ಅಳೆಯುತ್ತೇನೆ.

ಚದುರಿದ ಬೆಳಕಿನಿಂದ ಕಣದ ಗಾತ್ರ ಅಂದಾಜಿಸುವ ಡಿಎಲ್‌ಎಸ್ ಕೊಡುವ ಸರಾಸರಿಯನ್ನು ಹಾಗೇ ವರದಿಗೆ ಇಳಿಸಬೇಡಿ. ಚದುರುವ ಬೆಳಕು ವ್ಯಾಸದ ಆರನೇ ಘಾತಕ್ಕೆ ಏರುವುದರಿಂದ 100 ನ್ಯಾನೋಮೀಟರಿನ ಒಂದು ಕಣ 10 ನ್ಯಾನೋಮೀಟರಿನ ಹತ್ತು ಲಕ್ಷ ಕಣಗಳಷ್ಟು ಮಾತಾಡುತ್ತದೆ. ಧೂಳಿನ ಚೂರು ಬಂದರಂತೂ ಮುಗಿದೇಹೋಯಿತು. ಯುರೋಪಿಯನ್ ಒಕ್ಕೂಟದ ನ್ಯಾನೋವಸ್ತು ವ್ಯಾಖ್ಯೆ, 1ರಿಂದ 100 ನ್ಯಾನೋಮೀಟರಿನೊಳಗಿನ ಕಣ ಸಂಖ್ಯೆಯ ಲೆಕ್ಕದಲ್ಲಿ 50 ಶೇಕಡಾ ಅಥವಾ ಹೆಚ್ಚು ಎನ್ನುತ್ತದೆ. ಸಂಖ್ಯೆ ಎಣಿಸಲು ನನಗೆ ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರ ಬೇಕೇ ಬೇಕು.

ಜೀವಕೋಶ ಪರೀಕ್ಷೆಗಳು ಇನ್ನಷ್ಟು ಕಾಡುತ್ತವೆ. ಕೋಶ ಬದುಕಿದೆಯೇ ಎಂದು ಬಣ್ಣದಿಂದ ತಿಳಿಸುವ ಎಂಟಿಟಿ ಪರೀಕ್ಷೆಯಲ್ಲಿ ಬಣ್ಣ ಓದುವುದು 570 ನ್ಯಾನೋಮೀಟರಿನಲ್ಲಿ. ಗುಂಪುಗಟ್ಟಿದ ಬೆಳ್ಳಿಯೂ ಅಲ್ಲಿ ಬೆಳಕು ಹೀರುತ್ತದೆ, ಸತ್ತ ಕೋಶ ಬದುಕಿದಂತೆ ತೋರುತ್ತದೆ. ಕೋಶವಿಲ್ಲದೆ ಕಣ ಮಾತ್ರ ಇರುವ ಬಾವಿಗಳನ್ನು ಪ್ಲೇಟಿನಲ್ಲಿ ಇಡದೆ ಬಂದ ಫಲಿತಾಂಶ ನಾನು ಒಪ್ಪುವುದಿಲ್ಲ. ಬ್ಯಾಕ್ಟೀರಿಯಾದ ವಿಷವಾದ ಎಂಡೋಟಾಕ್ಸಿನ್ ನೋಡುವ ಎಲ್‌ಎಎಲ್ ಪರೀಕ್ಷೆಯಲ್ಲಿ ಗೊತ್ತಿರುವ ಪ್ರಮಾಣದ ಎಂಡೋಟಾಕ್ಸಿನ್ ಬೆರೆಸಿ, ಅದರ 50ರಿಂದ 200 ಶೇಕಡಾ ವಾಪಸ್ ಸಿಗುತ್ತದೆಯೇ ಎಂದು ಮೊದಲು ನೋಡಬೇಕು. ಸೆಲ್ಯುಲೋಸ್ ಮೂಲದ ವಸ್ತುಗಳಿಂದ ಬರುವ ಬೀಟಾ ಗ್ಲುಕಾನ್ ಇದೇ ಪರೀಕ್ಷೆಯಲ್ಲಿ ಸುಳ್ಳು ಪಾಸಿಟಿವ್ ಕೊಡಬಲ್ಲದು.

ಪ್ರಮಾಣ ಹೆಚ್ಚಿಸುವಾಗ 500 ಮಿ.ಲೀ. ಫ್ಲಾಸ್ಕನ್ನು 5 ಲೀಟರಿಗೆ ಹಿಗ್ಗಿಸಿದರೆ ಸಿಟ್ರೇಟ್ ಬೆರೆಯುವ ವೇಗ, ಮತ್ತೆ ಕುದಿಗೆ ಬರುವ ಸಮಯ ಎರಡೂ ಬದಲಾಗಿ ಗಾತ್ರವೇ ಬೇರೆಯಾಗುತ್ತದೆ. ಶುರುವಿನಲ್ಲಿ ಹತ್ತು ಸಣ್ಣ ಬ್ಯಾಚ್ ಮಾಡಿ, ಪ್ರತಿಯೊಂದರ ಶೃಂಗ ಮಿತಿಯೊಳಗಿದ್ದರೆ ಮಾತ್ರ ಒಟ್ಟುಗೂಡಿಸುವುದು ವಾಸಿ. ಪ್ಯಾಕಿಂಗಿಗೆ ಬರಿಯ ಅಲ್ಯುಮಿನಿಯಂ ಟ್ಯೂಬ್ ನಡೆಯದು, ಬೆಳ್ಳಿ ಅಯಾನ್ ಲೋಹದ ಮೇಲೆ ಕಪ್ಪಾಗಿ ಕೂರುತ್ತದೆ. ಒಳಗೆ ಪ್ಲಾಸ್ಟಿಕ್ ಪದರವಿರುವ, ಬೆಳಕು ತೂರದ ಟ್ಯೂಬ್ ಹಿಡಿದು, 40 ಡಿಗ್ರಿ, 75 ಶೇಕಡಾ ತೇವಾಂಶದಲ್ಲಿ ಆರು ತಿಂಗಳು ಇಡುತ್ತೇನೆ. ತೆಗೆದ ಪ್ರತಿ ಸಲವೂ ಟ್ಯೂಬಿನ ಬಾಯಿ, ನಡು, ತಳದ ಮಡಿಕೆ ಮೂರೂ ಕಡೆಯಿಂದ ಮಾದರಿ ತೆಗೆದು ಬೇರೆಬೇರೆಯಾಗಿ ಓದುತ್ತೇನೆ, ಏಕೆಂದರೆ ಬಣ್ಣ ಮೊದಲು ಬದಲಾಗುವುದು ಮಡಿಕೆಯ ಹತ್ತಿರ.