ಮಾಲ್ಟಾದಲ್ಲಿ ದಡದಿಂದ ಸ್ಕೂಬಾ: ಗಾಳಿ ನೋಡಿ ಜಾಗ ಆರಿಸುವುದು

ಮಾಲ್ಟಾದ ಹೆಸರಾಂತ ಡೈವ್ ಜಾಗಗಳಲ್ಲಿ ಹೆಚ್ಚಿನವಕ್ಕೆ ದೋಣಿಯೇ ಬೇಡ. ಸುಣ್ಣಕಲ್ಲಿನ ದಡದ ಹತ್ತಿರದವರೆಗೆ ವ್ಯಾನ್ ಹೋಗುತ್ತದೆ, ಅಲ್ಲೇ ಸಿಲಿಂಡರ್ ಬೆನ್ನಿಗೇರಿಸಿ ನೀರಿಗಿಳಿಯಬಹುದು. ತೊಡಕು ಇರುವುದೂ ಇದರಲ್ಲೇ. ಇಳಿದ ಕಲ್ಲನ್ನೇ ಮತ್ತೆ ಹತ್ತಿ ಬರಬೇಕು, ಅಷ್ಟರಲ್ಲಿ ಅಲೆ ಎದ್ದಿದ್ದರೆ ಏಣಿ ಕೈಗೆ ಸಿಗುವುದಿಲ್ಲ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಇಲ್ಲಿ ಉಲ್ಟಾ: ಗಾಳಿ ಬಂದ ಕಡೆ ಬಿಟ್ಟು ದ್ವೀಪದ ಬೆನ್ನಿಗೆ ಹೋಗಬೇಕು. ಹಾಗಾಗಿ ಜಾಗದ ಪಟ್ಟಿಯನ್ನು ಊರಲ್ಲೇ ಕೂತು ದಿನವಾರು ಬರೆದುಕೊಂಡು ಬರಬೇಡಿ. ಹಿಂದಿನ ರಾತ್ರಿ ಗಾಳಿಯ ದಿಕ್ಕು ನೋಡಿ, ಬೆಳಗ್ಗೆ ಮತ್ತೊಮ್ಮೆ ನೋಡಿ ನಿರ್ಧರಿಸಿ.

ಹೆಚ್ಚಾಗಿ ಬೀಸುವುದು ವಾಯವ್ಯದ ಗಾಳಿ, ಸ್ಥಳೀಯರ ಬಾಯಲ್ಲಿ ಮಜ್ಜಿಸ್ತ್ರಾಲ್. ಅದು ಜೋರಾದ ದಿನ ಗೋಝೊ ದ್ವೀಪದ ಪಶ್ಚಿಮ ತುದಿಯ ಡ್ವೈರಾ, ಮಾಲ್ಟಾದ ಉತ್ತರ ತುದಿಯ ಚಿರ್ಕೆವ್ವಾ ಎರಡನ್ನೂ ಬಿಡಿ. ಗೋಝೊದ ದಕ್ಷಿಣ ದಡದ ಶಾಟ್ ಲ್-ಅಹ್ಮರ್ ಅಥವಾ ಮ್ಜಾರ್ ಇಶ್-ಶೀನಿ, ಇಲ್ಲವೇ ಮಾಲ್ಟಾದ ದಕ್ಷಿಣದ ವೀಡ್ ಇಝ್-ಝುರ್ರೀಕ್ ಕಡೆ ಹೋಗಿ. ಆಗ್ನೇಯದ ಶ್ಲೊಕ್ ಬಂದರೆ ಈ ದಕ್ಷಿಣದ ಜಾಗಗಳೇ ಕೆಡುತ್ತವೆ, ಆಗ ಡ್ವೈರಾ ಅಥವಾ ಚಿರ್ಕೆವ್ವಾ ನೋಡಬಹುದು. ಈಶಾನ್ಯದ ಗ್ರಿಗಾಲ್ ವಲೆಟ್ಟಾದ ಬಂದರುಗಳ ಬಾಯಿಗೇ ನುಗ್ಗುತ್ತದೆ. ಗಾಳಿ ನಿಂತರೂ ಉಬ್ಬಲೆ ಒಂದೆರಡು ದಿನ ಉಳಿಯುತ್ತದೆ. ಮೇಲೆ ಆಕಾಶ ತಿಳಿಯಾಗಿದೆ ಎಂದು ಮೋಸ ಹೋಗುವವರು ಹೆಚ್ಚು. ದಡದಲ್ಲಿ ನಿಂತು ಹತ್ತು ನಿಮಿಷ ಅಲೆಗಳನ್ನು ನೋಡಿ. ಆ ಹತ್ತು ನಿಮಿಷದಲ್ಲಿ ಬಂದ ಅತಿ ದೊಡ್ಡ ಅಲೆಯಲ್ಲಿ ಏಣಿ ಹತ್ತಬಲ್ಲಿರಾ? ಅನುಮಾನವಿದ್ದರೆ ಬೇರೆ ಜಾಗ.

ಮೊದಲ ದಿನ ವಲೆಟ್ಟಾದ ಮಾರ್ಸಮ್‌ಶೆಟ್ ಬಂದರಿನ ಬಳಿ ಎಚ್‌ಎಂಎಸ್ ಮಾವೋರಿ ನೋಡುವುದು ಒಳ್ಳೆಯದು. 1942ರ ಫೆಬ್ರವರಿಯಲ್ಲಿ ಬಾಂಬು ಬಿದ್ದು ಮುಳುಗಿದ ಬ್ರಿಟಿಷ್ ಯುದ್ಧನೌಕೆ ಇದು. ಸುಮಾರು 15 ಮೀಟರ್ ಆಳ ಮಾತ್ರ, ಆದ್ದರಿಂದ ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಸರಿಹೊಂದಿಸಲು ಸಮಯ ಸಿಗುತ್ತದೆ. ಬಾಡಿಗೆಯ ದಪ್ಪ ಸೂಟ್‌ನಲ್ಲಿ ಎಲ್ಲರೂ ಎಡವುವುದು ಇಲ್ಲೇ. ಡೈವ್ ಕೊನೆಗೆ ಸಿಲಿಂಡರ್‌ನಲ್ಲಿ 50 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ಇರುವಾಗ, ಬಿಸಿಡಿ ಎಂಬ ಗಾಳಿ ತುಂಬುವ ಜಾಕೆಟ್ ಖಾಲಿ ಮಾಡಿ, 5 ಮೀಟರ್‌ನಲ್ಲಿ ಅಲುಗದೆ ನಿಲ್ಲಲು ಆಗಬೇಕು. ತುಂಬಿದ ಸಿಲಿಂಡರ್‌ನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. 12 ಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಗಾಳಿ ಎಂದರೆ ಹೆಚ್ಚುಕಡಿಮೆ 3 ಕೆಜಿ. ಅದರ ಬಹುಪಾಲು ಉಸಿರಾಗಿ ಹೋದ ಮೇಲೆ ನೀವು ಅಷ್ಟು ಹಗುರ.

ನೀರು ಫೆಬ್ರವರಿ–ಮಾರ್ಚ್‌ನಲ್ಲಿ 15 ಡಿಗ್ರಿ, ಆಗಸ್ಟ್‌ನಲ್ಲಿ 26ರ ಆಸುಪಾಸು. ಬೇಸಿಗೆಗೆ 5 ಮಿಮೀ ಸೂಟ್ ಸಾಕು, ಚಳಿಗಾಲಕ್ಕೆ 7 ಮಿಮೀ ಜೊತೆಗೆ ತಲೆಗವಸು. ಮೇ–ಜೂನ್‌ನಲ್ಲಿ ಮೇಲ್ಮೈ ಬೆಚ್ಚಗಿದ್ದರೂ ಕೆಳಗೆ ತಣ್ಣೀರಿನ ಪದರ ಕಾದಿರುತ್ತದೆ. ಆಗ ತೆಳು ಸೂಟ್ ಹಾಕಿದವರು ಆಳದ ಹಡಗನ್ನು ನಡುಗುತ್ತಲೇ ನೋಡಬೇಕು.

ಡ್ವೈರಾದ ಬ್ಲೂ ಹೋಲ್ ಎಲ್ಲರಿಗೂ ಬೇಕು, ಅದಕ್ಕೆ ಕಾರಣವೂ ಇದೆ. ಬಂಡೆಯೊಳಗಿನ ಬಾವಿಯಂಥ ಈ ಹೊಂಡ ಸುಮಾರು 15 ಮೀಟರ್ ಆಳವಿದೆ. ಸುಮಾರು 8 ಮೀಟರ್ ಕೆಳಗೆ ಕಮಾನಿನಂತೆ ತೆರೆದು, ಹೊರಗೆ 50 ಮೀಟರ್‌ಗೂ ಮಿಕ್ಕಿ ಇಳಿಯುವ ಗೋಡೆಗೆ ಕೂಡುತ್ತದೆ. ಪಕ್ಕದಲ್ಲಿದ್ದ ಅಜೂರ್ ವಿಂಡೋ ಎಂಬ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಕುಸಿಯಿತು. ಅದರ ಬಂಡೆಗಳೇ ಈಗ ನೀರಡಿಯ ಹೊಸ ನೋಟ. ನೀರು ತೀರಾ ತಿಳಿಯಾಗಿರುವುದರಿಂದ ಆಳ ಕಣ್ಣಿಗೆ ತಿಳಿಯುವುದಿಲ್ಲ. 20 ಮೀಟರ್ ಎಂದುಕೊಂಡು 32ಕ್ಕೆ ಇಳಿದಿರುತ್ತಾರೆ. ಕಣ್ಣನ್ನಲ್ಲ, ಆಳ ತೋರಿಸುವ ಡೈವ್ ಕಂಪ್ಯೂಟರನ್ನು ನಂಬಿ. ಮರಳುವಾಗ ಗೋಡೆಯ ಚಿಮಣಿ ಎಂಬ ಬಿರುಕಿನೊಳಗೆ ಒಬ್ಬರ ಹಿಂದೊಬ್ಬರು ಮೇಲೇರಬಹುದು, ಆದರೆ ಉಬ್ಬಲೆ ಇದ್ದಾಗ ಬೇಡ. ನೀರಿಗಿಳಿಯುವ ಮುನ್ನ ವಾಹನದಿಂದ ಹೊಂಡದವರೆಗೆ ಚೂಪುಕಲ್ಲಿನ ಮೇಲೆ ನಡೆಯಬೇಕು, ಗಟ್ಟಿ ತಳದ ಬೂಟು ಇಲ್ಲದಿದ್ದರೆ ಕಾಲು ಕೊಯ್ಯುತ್ತದೆ.

ಅಲ್ಲೇ ಸಮೀಪದ ಇನ್‌ಲ್ಯಾಂಡ್ ಸೀ ಕೊಳದಿಂದ ಹೊರ ಸಮುದ್ರಕ್ಕೆ ಸುಮಾರು 80 ಮೀಟರ್ ಉದ್ದದ ಸುರಂಗವಿದೆ. ತಲೆಯ ಮೇಲೆ ಪ್ರವಾಸಿಗರ ದೋಣಿಗಳು ಓಡಾಡುತ್ತಿರುತ್ತವೆ. ಹೋಗುವಾಗಲೂ ಬರುವಾಗಲೂ ತಳ ಬಿಡದೆ ಗೋಡೆಯ ಪಕ್ಕದಲ್ಲಿ ಸಾಗಿ, ಸುರಂಗದೊಳಗೆ ಯಾವ ಕಾರಣಕ್ಕೂ ಮೇಲೆ ಬರಬೇಡಿ. ಮರಳಿ ಬರುವಷ್ಟು ಗಾಳಿ ಇಟ್ಟುಕೊಂಡೇ ಹೊರಬಾಯಿಂದ ತಿರುಗಿ.

ಇನ್ನು ಹಡಗುಗಳು. ಚಿರ್ಕೆವ್ವಾದಲ್ಲಿ 1992ರಲ್ಲಿ ಮುಳುಗಿಸಿದ ರೋಝಿ ಎಂಬ ಟಗ್‌ಬೋಟ್, 2007ರಲ್ಲಿ ಮುಳುಗಿಸಿದ ಪಿ29 ಗಸ್ತು ನೌಕೆ ಎರಡೂ ಸುಮಾರು 35 ಮೀಟರ್‌ನ ಮರಳಲ್ಲಿ ನೆಟ್ಟಗೆ ಕೂತಿವೆ. ಒಂದೇ ಸಿಲಿಂಡರ್‌ನಲ್ಲಿ ಎರಡನ್ನೂ ನೋಡುವ ಆಸೆ ಬಿಡಿ. ಇಲ್ಲಿ ಸೆಳೆತವೂ ಬರುತ್ತದೆ, ಗೋಝೊಗೆ ಹೋಗುವ ಫೆರಿಯೂ ಪಕ್ಕದಲ್ಲೇ ಸಾಗುತ್ತದೆ. ಮೇಲೆ ತೇಲಿಬಿಡುವ ಗುರುತಿನ ಬೋಯ್, ಅದರ ದಾರದ ರೀಲ್ ಇಲ್ಲದೆ ಇಳಿಯಬಾರದು.

ಎಲ್ಲಕ್ಕಿಂತ ದೊಡ್ಡದು ವೀಡ್ ಇಝ್-ಝುರ್ರೀಕ್‌ನ ಉಮ್ ಎಲ್ ಫರೂದ್. ಸುಮಾರು 110 ಮೀಟರ್ ಉದ್ದದ ಈ ಲಿಬಿಯಾದ ಟ್ಯಾಂಕರ್‌ನಲ್ಲಿ 1995ರ ಫೆಬ್ರವರಿಯಲ್ಲಿ ದುರಸ್ತಿ ವೇಳೆ ಸ್ಫೋಟವಾಗಿ ಒಂಬತ್ತು ಕಾರ್ಮಿಕರು ಸತ್ತರು, 1998ರಲ್ಲಿ ಹಡಗನ್ನು ಇಲ್ಲಿ ಮುಳುಗಿಸಿದರು. ಮುಂದೆ ಬಿರುಗಾಳಿಯೊಂದು ಅದನ್ನು ಎರಡು ತುಂಡು ಮಾಡಿದೆ. ಮೇಲ್ಭಾಗ 18 ಮೀಟರ್ ಆಸುಪಾಸಿನಲ್ಲಿ, ತಳ 36ರಲ್ಲಿ. ಕಿರು ಕೊಲ್ಲಿಯಿಂದ ಬ್ಲೂ ಗ್ರೊಟ್ಟೋ ಗುಹೆಗಳಿಗೆ ದೋಣಿಗಳು ಹೊರಡುತ್ತವೆ, ಆದ್ದರಿಂದ ಮೇಲ್ಮೈಯಲ್ಲಿ ಈಜದೆ ಗೋಡೆ ಹಿಡಿದು ನೀರಡಿಯಲ್ಲೇ ಹೊರಹೋಗಿ. ತರಬೇತಿ ಇಲ್ಲದಿದ್ದರೆ ಹಡಗಿನ ಒಳಗೆ ಹೋಗಬೇಡಿ. ಒಂದು ಫಿನ್ ಬಡಿತಕ್ಕೆ ತುಕ್ಕು, ಹೂಳು ಎದ್ದರೆ ಬಂದ ಬಾಗಿಲೇ ಕಾಣುವುದಿಲ್ಲ.

ನೈಟ್ರಾಕ್ಸ್ 32, ಅಂದರೆ ಶೇ. 32 ಆಮ್ಲಜನಕದ ಗಾಳಿ ತುಂಬಿಸಿದರೆ ಇಲ್ಲಿ ಒಂದು ತೊಡಕಿದೆ: ಒತ್ತಡ ಹೆಚ್ಚಾದರೆ ಆಮ್ಲಜನಕವೇ ವಿಷವಾಗುತ್ತದೆ. 1.4 ಬಾರ್ ಆಮ್ಲಜನಕದ ಮಿತಿಗೆ ಅದರ ಆಳ 33 ಮೀಟರ್, 36ರ ಮರಳಲ್ಲಿ ಆಮ್ಲಜನಕದ ಒತ್ತಡ 1.47 ಆಗುತ್ತದೆ. ತಳಕ್ಕಿಳಿಯುವ ಮನಸ್ಸಿದ್ದರೆ ಶೇ. 28ರ ಮಿಶ್ರಣ ಕೇಳಿ, ಅದು 40 ಮೀಟರ್‌ವರೆಗೆ ಸರಿ.

ಸಿಲಿಂಡರ್ ಗಾಳಿಯ ಲೆಕ್ಕ ಹೀಗೆ. ಗಾಬರಿಯಾದ ಇಬ್ಬರು ಒಂದೇ ಸಿಲಿಂಡರ್‌ನಿಂದ ಉಸಿರಾಡಿದರೆ ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 60 ಲೀಟರ್ ಹೋಗುತ್ತದೆ. 30 ಮೀಟರ್‌ನಲ್ಲಿ ಒತ್ತಡ ಮೇಲ್ಮೈಯ ನಾಲ್ಕು ಪಟ್ಟು, ಹಾಗಾಗಿ ಸುಧಾರಿಸಿಕೊಳ್ಳಲು ಒಂದು ನಿಮಿಷ: 240 ಲೀಟರ್. ನಿಮಿಷಕ್ಕೆ 9 ಮೀಟರ್‌ನಂತೆ 5 ಮೀಟರ್‌ಗೆ ಏರಲು ಸುಮಾರು 460. ಅಲ್ಲಿ ಮೂರು ನಿಮಿಷ ನಿಲ್ಲಲು 270. ಒಟ್ಟು 970, ಅಂದರೆ 12 ಲೀಟರ್ ಸಿಲಿಂಡರ್‌ನಲ್ಲಿ 81 ಬಾರ್. ಹಾಗಾಗಿ 50 ಬಾರ್ ಉಳಿಸಿದರೆ ಸಾಕು ಎಂಬ ರೂಢಿಯ ಮಾತು 30 ಮೀಟರ್‌ನ ಹಡಗಿಗೆ ಸಲ್ಲದು. 90 ಬಾರ್ ಮುಟ್ಟುವಷ್ಟರಲ್ಲಿ ಮೇಲೇರಲು ಶುರುಮಾಡಿರಬೇಕು. ಈಜಿ ಮರಳುವ ದೂರಕ್ಕೆ ಬೇಕಾದ್ದು ಇದರ ಮೇಲೆ. 15 ಲೀಟರ್ ಸಿಲಿಂಡರ್ ಸಿಕ್ಕರೆ ಭಾರವೆಂದು ಬೇಡವೆನ್ನಬೇಡಿ.

ಏಣಿ ಹತ್ತುವಾಗ ಮಾಸ್ಕ್, ಬಾಯಲ್ಲಿ ಉಸಿರಾಡುವ ರೆಗ್ಯುಲೇಟರ್ ದಡ ಮುಟ್ಟುವವರೆಗೆ ತೆಗೆಯಬೇಡಿ. ಏಣಿ ಕೈಗೆ ಸಿಕ್ಕ ಮೇಲಷ್ಟೇ ಫಿನ್ ಬಿಚ್ಚಿ. ಹತ್ತುತ್ತಿರುವವರ ಕೆಳಗೆ ನಿಲ್ಲಬೇಡಿ, ಜಾರಿದರೆ ಸಿಲಿಂಡರ್ ಸಮೇತ ನಿಮ್ಮ ತಲೆ ಮೇಲೆ. ಕಲ್ಲಿನ ಮೇಲೆ ಕೈ ಇಡುವ ಮುನ್ನ ನೋಡಿ: ಚೇಳುಮೀನಿನ ಮುಳ್ಳು, ಬೆಂಕಿಹುಳದ ರೋಮ ಎರಡೂ ಕೈಗವಸು ಇಲ್ಲದವರಿಗೆ ಪಾಠ ಕಲಿಸುತ್ತವೆ. ನೇರಳೆ ಜೆಲ್ಲಿಮೀನು ಕುಟುಕಿದರೆ ಸಮುದ್ರದ ನೀರಲ್ಲೇ ತೊಳೆಯಿರಿ, ಸಿಹಿನೀರು ಉರಿ ಹೆಚ್ಚಿಸುತ್ತದೆ.

ಗೈಡ್ ಇಲ್ಲದೆ ಇಳಿಯುವವರಿಂದ ಡೈವ್ ಕೇಂದ್ರಗಳು ಅಡ್ವಾನ್ಸ್ಡ್ ಮಟ್ಟದ ಪ್ರಮಾಣಪತ್ರ ಕೇಳುತ್ತವೆ. ಆರೋಗ್ಯದ ಪ್ರಶ್ನಾವಳಿಯಲ್ಲಿ ಒಂದಕ್ಕೆ ಹೌದು ಎಂದರೂ ವೈದ್ಯರ ಸಹಿ ಬೇಕಾಗಬಹುದು, ಅದನ್ನು ಮುಂಚೆಯೇ ಮಾಡಿಸಿಕೊಂಡು ಬನ್ನಿ. ಡೈವ್ ಆದ ಮೇಲೆ ಕೀಲುನೋವು, ಜೋಮು, ತಲೆಸುತ್ತು ಬಂದರೆ ಆಮ್ಲಜನಕ ಕೊಡುತ್ತ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿ. ಒತ್ತಡ ಚಿಕಿತ್ಸೆಯ ಕೋಣೆ ಮಾಟರ್ ಡೇ ಆಸ್ಪತ್ರೆಯಲ್ಲಿದೆ. ಹಲವು ದಿನ ಡೈವ್ ಮಾಡಿದವರು ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು, 24 ಬಿಟ್ಟರೆ ಇನ್ನೂ ನೆಮ್ಮದಿ. ಎತ್ತರದಲ್ಲಿ ಗಾಳಿಯ ಒತ್ತಡ ಇಳಿಯುವುದೇ ಅಪಾಯ, ಆದರೆ ಆ ದಿನ ಕಾರಲ್ಲಿ ಸುತ್ತಾಡಲು ಭಯವಿಲ್ಲ, ದೇಶದ ಅತಿ ಎತ್ತರದ ಜಾಗವೇ ಸುಮಾರು 253 ಮೀಟರ್.