ಜೂಜಿನ ಚಟಕ್ಕೆ ಸರ್ಕಾರಿ ಖರ್ಚಿನಲ್ಲಿ ಚಿಕಿತ್ಸೆ: ಯಾವ ಬಾಗಿಲು ತಟ್ಟಬೇಕು?

ಕ್ರಿಕೆಟ್ ಬೆಟ್ಟಿಂಗ್, ರಮ್ಮಿ ಆ್ಯಪ್, ಮಟ್ಕಾ, ಅಂದರ್ ಬಾಹರ್, ಯಾವುದೇ ಇರಲಿ, ಮನೆಯವರು ಮೊದಲು ಹುಡುಕುವುದು ವ್ಯಸನಮುಕ್ತಿ ಕೇಂದ್ರವನ್ನು. ದಾರಿ ತಪ್ಪುವುದು ಅಲ್ಲೇ. ಕೇಂದ್ರ ಸರ್ಕಾರದ ಅನುದಾನ ಪಡೆಯುವ ಅಂಥ ಕೇಂದ್ರಗಳಿಗೆ ಹಣ ಬರುವುದು ಕುಡಿತ ಮತ್ತು ಮಾದಕ ವಸ್ತುಗಳ ಲೆಕ್ಕದಲ್ಲಿ. 14446 ಸಹಾಯವಾಣಿಯೂ ಅದಕ್ಕೇ. ಜೂಜಿನವರು ಹೋಗಬೇಕಾದದ್ದು ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಡೆಗೆ.

ಮೊದಲ ಕರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಉಚಿತ. ‘ನಿದ್ದೆ ಬರುತ್ತಿಲ್ಲ’ ಎಂದು ಸುತ್ತಿ ಬಳಸಿ ಹೇಳಬೇಡಿ. ಜೂಜು ಎಷ್ಟು ದಿನದಿಂದ, ಸಾಲ ಎಷ್ಟು, ಸಾಯುವ ಮಾತು ಬಂದಿದೆಯೇ, ಈ ಮೂರನ್ನು ನೇರವಾಗಿ ಹೇಳಿ. ಸಾಯುವ ಮಾತು ಬಂದಿದ್ದರೆ ಕ್ಲಿನಿಕ್ಕಿನ ದಿನಕ್ಕೆ ಕಾಯದೆ ಅವತ್ತೇ ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ಮನೆಯಲ್ಲಿರುವ ಕೀಟನಾಶಕವನ್ನು ಬೇರೆಡೆ ಸಾಗಿಸಿ. ಸಾಲ ಬಯಲಾದ ಮೊದಲ ಕೆಲವು ದಿನಗಳಲ್ಲಿ ಒಂಟಿಯಾಗಿ ಬಿಡಲೇಬಾರದು.

ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ಬರುತ್ತಾರೆ. ನಿಮ್ಮೂರಿಗೆ ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ, ಇಲ್ಲವಾದರೆ ಒಂದು ದಿನದ ಕೂಲಿ ವ್ಯರ್ಥ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ ನಿಮ್ಹಾನ್ಸ್ 2014ರಲ್ಲಿ ಶಟ್ ಕ್ಲಿನಿಕ್ ಆರಂಭಿಸಿದೆ.

ಆಧಾರ್, ಪಡಿತರ ಚೀಟಿಯ ಜೊತೆಗೆ ಆರು ತಿಂಗಳ ಬ್ಯಾಂಕ್ ಮತ್ತು ಯುಪಿಐ ವಿವರ, ಕೈಸಾಲದ ಪಟ್ಟಿ, ಒಡವೆ ಅಡವಿಟ್ಟ ರಸೀದಿಗಳನ್ನು ಒಯ್ಯಿರಿ. ಜೂಜಾಡುವವರು ಸಾಲವನ್ನು ಕಡಿಮೆ ಮಾಡಿಯೇ ಹೇಳುತ್ತಾರೆ, ಕಾಗದ ಹಾಗಲ್ಲ. ಆನ್‌ಲೈನ್ ಆಟ ಆಡಿದ್ದಕ್ಕೆ ಕೇಸು ಬೀಳುತ್ತದೆಂಬ ಹೆದರಿಕೆ ಬೇಡ. ಆನ್‌ಲೈನ್ ಹಣದ ಆಟ ನಿಷೇಧಿಸಿದ 2025ರ ಕಾಯ್ದೆ ಶಿಕ್ಷೆ ಹೇಳುವುದು ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ, ಆಡಿದವರಿಗಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಪ್ರಕಾರ ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡ್ ಕೈಯಲ್ಲಿ ಇಲ್ಲದಿದ್ದರೂ. ಬಿಲ್ ಕೌಂಟರ್‌ನಲ್ಲಿ ತಕರಾರು ಬಂದರೆ ಈ ಕಲಂ ಬರೆದ ಅರ್ಜಿಯನ್ನು ವೈದ್ಯಕೀಯ ಅಧೀಕ್ಷಕರಿಗೆ ಕೊಡಿ.

ಆಸ್ಪತ್ರೆಯ ಚೀಟಿಯಲ್ಲಿ ರೋಗದ ಹೆಸರು ಏನು ಬರೆದಿದ್ದಾರೆ, ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಜೂಜಿನ ಕಾಯಿಲೆಯ ಸಂಕೇತ ಎಫ್ 63.0, ಹೊಸ ಪಟ್ಟಿಯಲ್ಲಿ 6ಸಿ50. ಬರಿದೇ ‘ಒತ್ತಡ’ ಎಂದಿದ್ದರೆ ಸರಿಯಾದ ಸಂಕೇತ ಬರೆಯಲು ಕೇಳಿಕೊಳ್ಳಿ. ರಿಜಿಸ್ಟರಿನಲ್ಲಿ ಇಲ್ಲದ ಕಾಯಿಲೆಗೆ ಸರ್ಕಾರ ಹಣ ಎತ್ತಿಡುವುದಿಲ್ಲ.

ಚಿಕಿತ್ಸೆಯೆಂದರೆ ಮುಖ್ಯವಾಗಿ ಆಪ್ತಸಮಾಲೋಚನೆ, ಖಿನ್ನತೆಯಿದ್ದರೆ ಮಾತ್ರೆ. ಎರಡು ಮೂರು ಭೇಟಿಗೇ ನಿಲ್ಲಿಸುವುದು ದೊಡ್ಡ ತಪ್ಪು. ಅದಕ್ಕಿಂತ ದೊಡ್ಡದು ಹೊಲ ಮಾರಿ ಒಂದೇ ಏಟಿಗೆ ಸಾಲ ತೀರಿಸಿಬಿಡುವುದು. ಹಾಗೆ ಮಾಡಿದರೆ ಸಾಲ ಕೊಟ್ಟವರು ಮತ್ತೆ ಕೊಡುತ್ತಾರೆ, ಇವರು ಮತ್ತೆ ಆಡುತ್ತಾರೆ. ಮೊದಲು ಜೂಜಾಡುವವರ ಒಪ್ಪಿಗೆಯಿಂದಲೇ ಸಂಬಳದ ಹಣ ಮನೆಯ ಇನ್ನೊಬ್ಬರ ಕೈಗೆ ಬರಲಿ, ಯುಪಿಐ ಮಿತಿ ಇಳಿಸಿ, ಸಾಲದ ಆ್ಯಪ್‌ಗಳನ್ನು ತೆಗೆಸಿ; ಆಮೇಲೆ ಕಂತು ಕಂತಾಗಿ ತೀರಿಸಿ. ಸಂಬಳದ ದಿನ ಮತ್ತು ಐಪಿಎಲ್ ತಿಂಗಳುಗಳಲ್ಲಿ ಹೆಚ್ಚು ಎಚ್ಚರ ಬೇಕು.

ಬ್ರಿಟನ್ನಿನಲ್ಲಿ 2025ರ ಏಪ್ರಿಲ್‌ನಿಂದ ಜೂಜು ಕಂಪನಿಗಳಿಂದ ಕಡ್ಡಾಯ ಸುಂಕ ಪಡೆದು ಅರ್ಧವನ್ನು ಚಿಕಿತ್ಸೆಗೇ ಕೊಡುತ್ತಾರೆ. ನಮ್ಮಲ್ಲಿ 2023ರ ಅಕ್ಟೋಬರ್‌ನಿಂದ ಆನ್‌ಲೈನ್ ಆಟಗಳ ಮೇಲೆ ಶೇ 28ರಷ್ಟು ಜಿಎಸ್‌ಟಿ ವಸೂಲಾಯಿತು, ಚಿಕಿತ್ಸೆಗೆಂದು ಪಾಲು ತೆಗೆದಿಡಲಿಲ್ಲ. ಇದು ಅನ್ಯಾಯ. ನಿಮ್ಮ ಜಿಲ್ಲೆಯ ಲೆಕ್ಕವನ್ನಾದರೂ ಕೇಳಿ: ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದ ಮೀರಬಾರದು. ಮೀರಿದರೆ ಅರ್ಜಿ ವಾಪಸು ಬರಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ವರ್ಷ ಬಂದ ಹಣ, ಖರ್ಚಾದ ಹಣ, ಖಾಲಿ ಹುದ್ದೆಗಳು, ಎಫ್ 63.0 ಎಂದು ದಾಖಲಾದವರ ಸಂಖ್ಯೆ ಕೇಳಿದರೆ ಸಾಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.